ಬ್ರೌಸರ್‌ಗಳ ನಡುವೆ ಕನ್ನಡದ ದೂರು: ಅಕ್ಷರಸಂಕೇತ ಮತ್ತು ಜಾಲಾಧಾರಿತ ಹೆಲ್ಪ್‌ಡೆಸ್ಕ್‌ಗಳ ಚರಿತ್ರೆ

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನೆಲೆಸಿರುವ ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಸ್ಥಾಪನೆಯಾದಾಗ ಅದರ ಗುರಿಗಳಲ್ಲಿ ಒಂದು, ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರ ಗ್ರಂಥಭಾಷೆಗೆ ಏಕರೂಪತೆ ತರುವುದು. ಮೈಸೂರಿನಲ್ಲಿ ಬರೆದದ್ದು ಧಾರವಾಡದಲ್ಲೂ ಮಂಗಳೂರಿನಲ್ಲೂ ತೊಡಕಿಲ್ಲದೆ ಓದಿಸಿಕೊಳ್ಳಬೇಕೆಂಬ ಹಂಬಲ ಅದರ ಹಿಂದಿತ್ತು. ಎಂಟು ದಶಕಗಳ ನಂತರ ಅದೇ ಪ್ರಶ್ನೆ ಗಣಕದ ಪರದೆಗೆ ಬಂತು. ಒಂದು ಬ್ರೌಸರಿನಲ್ಲಿ ಸರಿಯಾಗಿ ಕಂಡ ಕನ್ನಡ ಇನ್ನೊಂದರಲ್ಲಿ ಒಡೆದುಹೋಗುತ್ತಿತ್ತು.

ಈ ತೊಡಕನ್ನು ಅಳೆಯಲು ದೂರು ಸ್ವೀಕರಿಸುವ ಹೆಲ್ಪ್‌ಡೆಸ್ಕ್ ತಂತ್ರಾಂಶವೇ ತಕ್ಕ ಒರೆಗಲ್ಲು. ಪತ್ರಿಕೆಯ ಪುಟ ಓದುಗನಿಗೆ ಕಂಡರೆ ಸಾಕು. ದೂರಾದರೆ ನಾಗರಿಕನ ಬ್ರೌಸರಿನಲ್ಲಿ ಟೈಪಾಗಬೇಕು, ದತ್ತಸಂಚಯದಲ್ಲಿ ಉಳಿಯಬೇಕು, ಅಧಿಕಾರಿಯ ಬ್ರೌಸರಿನಲ್ಲಿ ಹಾಗೆಯೇ ಮೂಡಬೇಕು, ತಿಂಗಳ ಮೇಲೆ ಹುಡುಕಿದರೂ ಸಿಗಬೇಕು. ಈ ಸರಪಳಿಯನ್ನು ಗಟ್ಟಿಗೊಳಿಸಿದ್ದು ಯಾವುದೋ ಒಂದು ಬ್ರೌಸರಿನ ಗೆಲುವಲ್ಲ, ಎಲ್ಲರೂ ಒಪ್ಪಿದ ಶಿಷ್ಟತೆ ಎಂಬುದು ಈ ಲೇಖನದ ವಾದ.

ಫಾಂಟುಗಳ ಕಾಲ

1996ರಲ್ಲಿ ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಜಾಲತಾಣ ಆರಂಭವಾಯಿತು. ಅಂದಿನ ಜಾಲಪುಟದ ಕನ್ನಡವನ್ನು ಓದಲು ಅದಕ್ಕೆ ತಕ್ಕ ಫಾಂಟ್ ಓದುಗನ ಗಣಕದಲ್ಲಿ ಇರಬೇಕಿತ್ತು. ಇಲ್ಲವಾದರೆ ರೋಮನ್ ಲಿಪಿಯ ಚಿಹ್ನೆಗಳ ಗೊಂದಲವಷ್ಟೇ ಕಾಣುತ್ತಿತ್ತು. ಪುಟದ ಜೊತೆಗೇ ಫಾಂಟನ್ನೂ ಕಳಿಸುವ ‘ಡೈನಮಿಕ್ ಫಾಂಟ್’ 1997ರಲ್ಲಿ ಬಂತು. ಆದರೆ ನೆಟ್‌ಸ್ಕೇಪ್ 4 ಒಪ್ಪಿದ್ದು ಬಿಟ್‌ಸ್ಟ್ರೀಮ್ ಸಂಸ್ಥೆಯ ಟ್ರೂಡಾಕ್ ವಿಧಾನವನ್ನು. ಇಂಟರ್ನೆಟ್ ಎಕ್ಸ್‌ಪ್ಲೋರರ್ 4 ಒಪ್ಪಿದ್ದು ಮೈಕ್ರೋಸಾಫ್ಟ್‌ನದೇ ವಿಧಾನವನ್ನು. ಎರಡೂ ಬ್ರೌಸರುಗಳ ಓದುಗರನ್ನು ಮುಟ್ಟಬೇಕೆಂದರೆ ಒಂದೇ ಫಾಂಟನ್ನು ಎರಡು ರೂಪದಲ್ಲಿ ಸಿದ್ಧಪಡಿಸಬೇಕಿತ್ತು. 2000ದಲ್ಲಿ ಬಂದ ನೆಟ್‌ಸ್ಕೇಪ್ 6 ಟ್ರೂಡಾಕ್ ಅನ್ನು ಕೈಬಿಟ್ಟಿತು.

ಇದಕ್ಕಿಂತ ಆಳದ ತೊಂದರೆ ಸಂಕೇತದಲ್ಲಿತ್ತು. ಕನ್ನಡ ಗಣಕ ಪರಿಷತ್ತು ಅಭಿವೃದ್ಧಿಪಡಿಸಿ ಸರ್ಕಾರಿ ಕಚೇರಿಗಳಲ್ಲಿ ನೆಲೆಯೂರಿದ ‘ನುಡಿ’ ಮೊದಲಿಗೆ ಅಕ್ಷರಗಳನ್ನಲ್ಲ, ಅವುಗಳ ಆಕಾರದ ತುಣುಕುಗಳನ್ನು ಸಂಗ್ರಹಿಸುತ್ತಿತ್ತು. ಅದರಲ್ಲಿ ‘ಕ’ ಎರಡು ತುಣುಕುಗಳ ಜೋಡಣೆ, ‘ಕಿ’ ಒಂದೇ ತುಣುಕು. ‘ಕರ್ನಾಟಕ’ ಎಂದು ಬರೆದರೆ ಅರ್ಕಾವೊತ್ತು ‘ನಾ’ ಆದ ಮೇಲೆ ಬಂದು ಕೂರುತ್ತಿತ್ತು. ಉಚ್ಚಾರಣೆಯಲ್ಲಿ ರಕಾರ ಅದಕ್ಕಿಂತ ಮೊದಲು. ಅಚ್ಚಿಗೆ ಇದು ಸಾಕಿತ್ತು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆಯಿಂದ ಪುಸ್ತಕದವರೆಗೆ ಎಲ್ಲವೂ ಹೀಗೆಯೇ ಸಿದ್ಧವಾದವು. ದೂರಿನ ದತ್ತಸಂಚಯಕ್ಕೆ ಮಾತ್ರ ಇದು ಒಗ್ಗಲಿಲ್ಲ. ಗಣಕಕ್ಕೆ ಅದು ಕನ್ನಡವೆಂದೇ ತಿಳಿಯುತ್ತಿರಲಿಲ್ಲ. ಅಕಾರಾದಿಯಾಗಿ ಜೋಡಿಸಲು, ಬೇರೆ ಫಾಂಟಿನಲ್ಲಿ ಟೈಪಾದ ಪದದೊಂದಿಗೆ ಹೋಲಿಸಲು ದಾರಿಯಿರಲಿಲ್ಲ.

ಒಂದೇ ಬ್ರೌಸರಿನ ಕಾಲ

ಆಕಾರದ ತುಣುಕುಗಳಿಗಲ್ಲದೆ ಅಕ್ಷರಗಳಿಗೇ ಸಂಕೇತ ಕೊಡುವ ಯೂನಿಕೋಡ್ ಶಿಷ್ಟತೆಯ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ಅದು ಜನಬಳಕೆಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ, ಅದರ ‘ತುಂಗಾ’ ಫಾಂಟುಗಳಿಂದ. ಅಲ್ಲಿಯೂ ಸಂಕೀರ್ಣ ಲಿಪಿಗಳ ಸೌಲಭ್ಯವನ್ನು ಪ್ರತ್ಯೇಕವಾಗಿ ಅಳವಡಿಸಬೇಕಿತ್ತು. ಅದೇ ಹೊತ್ತಿಗೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಮಾರುಕಟ್ಟೆಯನ್ನು ಬಹುಪಾಲು ಆವರಿಸಿತು. ತಂತ್ರಾಂಶ ಬರೆಯುವವರು ಅದೊಂದರಲ್ಲಿ ಪರೀಕ್ಷಿಸಿ ಕೈತೊಳೆದುಕೊಳ್ಳುವ ರೂಢಿ ಬೆಳೆಯಿತು. ಡಿಜಿಟಲ್ ಸಹಿ ಬೇಡುವ ಹಲವು ತಾಣಗಳು ಆ ಬ್ರೌಸರಿಗಷ್ಟೇ ಸಲ್ಲುವ ಆಕ್ಟಿವ್‌ಎಕ್ಸ್ ಅನ್ನು ನೆಚ್ಚಿಕೊಂಡವು. 2004ರಲ್ಲಿ ಫೈರ್‌ಫಾಕ್ಸ್, 2008ರಲ್ಲಿ ಕ್ರೋಮ್ ಬಂದಾಗ ಇಂಥ ತಾಣಗಳ ಗುಂಡಿಗಳು ಅವುಗಳಲ್ಲಿ ಕೆಲಸ ಮಾಡಲಿಲ್ಲ. ಹೊಂದಾಣಿಕೆಯ ಹೊರೆ ಸೇವೆ ಕೊಡುವವರಿಂದ ಸೇವೆ ಕೇಳುವವರ ಹೆಗಲಿಗೆ ಜಾರಿತ್ತು. ಈ ಕಾಲದ ದೊಡ್ಡ ಅನ್ಯಾಯ ಇದೇ.

ಶಿಷ್ಟತೆಯತ್ತ

ರಾಜ್ಯ ಸರ್ಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿದ್ದು 2012ರಲ್ಲಿ. ಅದೇ ವರ್ಷದ ಏಪ್ರಿಲ್ 2ರಂದು ‘ಸಕಾಲ’ ಆರಂಭವಾಯಿತು. ಪ್ರತಿ ಅರ್ಜಿಗೂ 15 ಅಂಕಿಗಳ ಸಂಖ್ಯೆ ಕೊಟ್ಟು, ಅದು ಎಲ್ಲಿಗೆ ಬಂತೆಂದು ಜಾಲದಲ್ಲೇ ನೋಡಬಹುದಾದ ವ್ಯವಸ್ಥೆ ಅದು. ಆಂಡ್ರಾಯ್ಡ್ 4.1 ಕನ್ನಡವನ್ನು ಬೆಂಬಲಿಸಿದ್ದೂ, ಪುಟದೊಂದಿಗೆ ಫಾಂಟ್ ಕಳಿಸುವ ‘ವಾಫ್’ ವಿಧಾನ, ಜಾಲದ ಶಿಷ್ಟತೆಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಶಿಷ್ಟತೆಯಾದದ್ದೂ 2012ರಲ್ಲೇ. 1997ರಲ್ಲಿ ಎರಡು ಕಂಪನಿಗಳು ಎರಡು ದಿಕ್ಕಿಗೆ ಎಳೆದಿದ್ದ ಕೆಲಸ ಹದಿನೈದು ವರ್ಷಗಳ ನಂತರ ಒಂದು ದಾರಿಗೆ ಬಂತು. 2022ರ ಜೂನ್ 15ರಂದು ಇಂಟರ್ನೆಟ್ ಎಕ್ಸ್‌ಪ್ಲೋರರ್ ನಿವೃತ್ತಿಯಾಯಿತು.

ಉಳಿದಿರುವ ತೊಡಕುಗಳು ಈಗ ಕಣ್ಣಿಗೆ ಕಾಣುವುದಿಲ್ಲ. ‘ಕೇ’ ಎಂಬುದನ್ನು ಯೂನಿಕೋಡಿನಲ್ಲಿ ದೀರ್ಘ ಸ್ವರಚಿಹ್ನೆಯೊಂದರಿಂದಲೂ, ಹ್ರಸ್ವ ಚಿಹ್ನೆಗೆ ದೀರ್ಘದ ಗುರುತು ಸೇರಿಸಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ; ಹುಡುಕುವ ತಂತ್ರಾಂಶಕ್ಕೆ ಬೇರೆ ಬೇರೆ. ‘ಸಾಫ್ಟ್‌ವೇರ್’ ಪದದಲ್ಲಿ ಒತ್ತು ಮೂಡದಂತೆ ತಡೆಯುವ ಅದೃಶ್ಯ ಸಂಕೇತವನ್ನು ಒಬ್ಬರು ಹಾಕಿ ಇನ್ನೊಬ್ಬರು ಬಿಟ್ಟರೂ ಹುಡುಕಾಟ ತಪ್ಪುತ್ತದೆ. ಮೊದಲನೆಯದಕ್ಕೆ ಯೂನಿಕೋಡೇ ಸಾಮಾನ್ಯೀಕರಣದ ನಿಯಮ ಕೊಟ್ಟಿದೆ. ಎರಡನೆಯದನ್ನು ಹುಡುಕುವಾಗ ಆ ಸಂಕೇತವನ್ನು ಲೆಕ್ಕಕ್ಕೆ ಹಿಡಿಯದೆ ನಿವಾರಿಸಬಹುದು. ದೂರನ್ನು ಉಳಿಸುವ ಮೊದಲು ಮತ್ತು ಹುಡುಕುವ ಮೊದಲು ಇಷ್ಟು ಮಾಡಿದರೆ ಸಾಕು.

ಸಮಾರೋಪ

ಈ ಚರಿತ್ರೆಯಿಂದ ಆಚರಣೆಗೆ ಇಳಿಯಬೇಕಾದ ಮಾತು ಸರಳವಾಗಿದೆ. ಸಾರ್ವಜನಿಕ ಹಣದಲ್ಲಿ ಹೆಲ್ಪ್‌ಡೆಸ್ಕ್ ತಂತ್ರಾಂಶ ಕೊಳ್ಳುವಾಗ ಒಪ್ಪಂದದಲ್ಲೇ ಒಂದು ಪರೀಕ್ಷೆ ಇರಬೇಕು: ಒತ್ತಕ್ಷರ, ಅರ್ಕಾವೊತ್ತುಗಳಿರುವ ಒಂದೇ ಕನ್ನಡ ದೂರನ್ನು ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮತ್ತು ಅಗ್ಗದ ಮೊಬೈಲಿನಿಂದ ದಾಖಲಿಸಿ, ಬೇರೊಂದು ಬ್ರೌಸರಿನಲ್ಲಿ ಕೂತ ಅಧಿಕಾರಿ ಅದನ್ನು ಹುಡುಕಿ ತೆಗೆದು ಕನ್ನಡದಲ್ಲೇ ಉತ್ತರಿಸಬೇಕು. ಇದರಲ್ಲಿ ಸೋತ ತಂತ್ರಾಂಶಕ್ಕೆ ಹಣ ಪಾವತಿಯಾಗಬಾರದು.