ಸೂರು ಉಳಿದರೆ ಮಾಡು ಉಳಿದೀತು

ಹಳೆಯ ಹಂಚಿನ ಮನೆ ಕೆಡಲು ತೊಡಗುವುದು ಸಾಮಾನ್ಯವಾಗಿ ಸೂರಿನಿಂದ. ಮಾಡಿನ ಮೇಲೆ ಬಿದ್ದ ನೀರೆಲ್ಲ ದಾಟಿ ಹೋಗಬೇಕಾದ್ದು ಆ ಅಂಚನ್ನೇ. ಅದೂ ಎಲ್ಲ ನೀರು ನೆಟ್ಟಗೆ ನೆಲಕ್ಕೆ ಬೀಳುವುದಿಲ್ಲ. ಒಂದಿಷ್ಟು ಹಂಚಿನ ಅಡಿಗೆ ಅಂಟಿಕೊಂಡು ಹಿಂದಕ್ಕೆ ಹರಿದು ಪಕ್ಕಾಸಿನ ತುದಿ ಸೇರುತ್ತದೆ. ಮರದ ಕೊಯ್ದ ತುದಿ ನೀರು ಹೀರುವಷ್ಟು ಅದರ ಮೈ ಹೀರುವುದಿಲ್ಲ.

ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಕಾಣುವ ಕರಾವಳಿಯವರಿಗೆ ಇದು ಹೊಸ ಸಂಗತಿಯಲ್ಲ. ಹುಲ್ಲು, ಸೋಗೆ, ಮಡಲು ಹೊದಿಸಿದ ಅವರ ಹಳೆಯ ಮನೆಗಳ ಸೂರು ತಲೆ ಬಾಗಿಸಿಯೇ ಒಳಹೋಗಬೇಕಾಗುವಷ್ಟು ತಗ್ಗಾಗಿರುತ್ತಿತ್ತು. ಮಣ್ಣಿನ ಗೋಡೆಗೆ ಇರಚಲು ತಾಕಬಾರದು ಎಂಬುದೇ ಅದರ ಉದ್ದೇಶ. ಕೊಳೆತ ಅಂಚಿನ ಚಿಂತೆಯೂ ಇರಲಿಲ್ಲ. ಹೊದಿಕೆಯನ್ನು ಹೇಗೂ ಮತ್ತೆ ಮತ್ತೆ ಬದಲಿಸಬೇಕಿತ್ತಲ್ಲ!

ಹಿಮ ಬೀಳುವ ನಾಡುಗಳಲ್ಲಿ ಸೂರಿನ ಪಾಡು ಬೇರೆ. ಮನೆಯೊಳಗಿನ ಶಾಖಕ್ಕೆ ಮಾಡಿನ ಮೇಲಿನ ಹಿಮ ಕರಗಿ ಇಳಿಯುತ್ತದೆ. ಗೋಡೆಯಿಂದ ಹೊರಚಾಚಿದ ತಣ್ಣನೆಯ ಅಂಚಿಗೆ ಬಂದು ಮತ್ತೆ ಹೆಪ್ಪುಗಟ್ಟುತ್ತದೆ. ಆ ಮಂಜುಗಡ್ಡೆಯ ಒಡ್ಡಿನ ಹಿಂದೆ ನಿಂತ ನೀರು ಹಂಚಿನ ಸಂದಿನಿಂದ ಒಳಕ್ಕೆ ನುಗ್ಗುತ್ತದೆ. ಅಂಥ ಚಳಿನಾಡಾದ ಫ್ರಾನ್ಸಿನ ಅಲ್ಸಾಸ್ ಪ್ರಾಂತದಲ್ಲಿ ಗಿಲಾರ್ಡೋನಿ ಸಹೋದರರು 1841ರಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿಗೆ ಪೇಟೆಂಟ್ ಪಡೆದರು. ಅವರ ಊರಾದ ಆಲ್ಟ್‌ಕಿರ್ಶ್‌ಗೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೂ ಸುಮಾರು 30 ಕಿ.ಮೀ. ಅಂತರ. ಅದೇ ಬಾಸೆಲ್ ಹೆಸರಿನ ಮಿಶನ್‌ಗಾಗಿ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಇಲ್ಲಿ ಮಂಜುಗಡ್ಡೆಯಿಲ್ಲ, ನಿಜ. ಆದರೆ ಗಾಳಿ ತಳ್ಳುವ ಮಳೆಗೂ ಹಂಚಿನ ಸಂದೇ ಬೇಕು. ಮಂಗಳೂರು ಹಂಚಿನ ಏಣು-ಕಾಲುವೆಗಳು ಅದನ್ನು ತಡೆದವು.

ಅಂಚಿನ ಕಾಟ ಮಾತ್ರ ಹಂಚಿನಿಂದ ತೀರಲಿಲ್ಲ. ಅದು ಬಡಗಿಯ ಪಾಲಿಗೇ ಉಳಿಯಿತು. ಪ್ರತಿ ಹಂಚೂ ಕೆಳಗಿನ ಹಂಚಿನ ಮೇಲೆ ಒರಗಿರುತ್ತದೆ. ಕೊನೆಯ ಸಾಲಿಗೆ ಆ ಆಸರೆಯಿಲ್ಲ. ಆದ್ದರಿಂದ ಅಲ್ಲಿನ ರೀಪು ಉಳಿದವಕ್ಕಿಂತ ದಪ್ಪವಾಗಿರಬೇಕು. ಇಲ್ಲವಾದರೆ ಹಂಚು ತಲೆ ತಗ್ಗಿಸಿ, ಸಂದು ಬಾಯಿ ಬಿಡುತ್ತದೆ. ಹಂಚು ಮರಕ್ಕಿಂತ ಕೆಲವು ಅಂಗುಲ ಮುಂದೆಯೂ ಇರಬೇಕು. ಇನ್ನು ಹಳೆಯ ಬಂಗಲೆಗಳ ಸೂರಿಗೆ ಹೊಡೆದಿರುವ ಚಿತ್ತಾರದ ಹಲಗೆ. ಅದನ್ನು ಬರೀ ಅಲಂಕಾರವೆಂದು ತಿಳಿಯುವವರೇ ಹೆಚ್ಚು. ಪಕ್ಕಾಸಿನ ತುದಿಗಳನ್ನು ಮರೆಮಾಡಿ ಮಳೆಗೆ ಮೈಯೊಡ್ಡುವುದು ಅದರ ಕೆಲಸ. ಹಲಗೆ ಕೊಳೆತರೆ ಅದೊಂದನ್ನು ಕಿತ್ತು ಬೇರೆ ಹೊಡೆಯಬಹುದು. ಪಕ್ಕಾಸು ಕೊಳೆತರೆ ಮಾಡನ್ನೇ ಬಿಚ್ಚಬೇಕು. ತುದಿಯಲ್ಲಿ ಮೊನಚಾದ ಚಿತ್ತಾರವಿದ್ದರೆ ನೀರು ಅಲ್ಲಿಂದಲೇ ತೊಟ್ಟಿಕ್ಕುತ್ತದೆ.

ಕಾಂಕ್ರೀಟ್ ಬಂದ ಮೇಲೆ ರೀಪು, ಪಕ್ಕಾಸುಗಳ ಮಾತು ಹಿಂದೆ ಸರಿಯಿತು. ನೀರಿನ ಚಾಳಿ ಬದಲಾಗಲಿಲ್ಲ. ಸಜ್ಜದ ಅಡಿಯಲ್ಲಿ, ಅಂಚಿಗೆ ಹತ್ತಿರವಾಗಿ ಉದ್ದಕ್ಕೆ ಒಂದು ಗೀರು ಕೊರೆದಿದ್ದರೆ ಹಿಂದಕ್ಕೆ ಹರಿಯುವ ನೀರು ಅಲ್ಲಿಯೇ ತಡೆದು ಉದುರುತ್ತದೆ. ಬೆರಳಗಲದ ಈ ಗೀರು ಬಿಟ್ಟುಹೋದ ಮನೆಗಳ ಗೋಡೆ ಮಳೆಗಾಲ ಕಳೆಯುವಷ್ಟರಲ್ಲಿ ಕಪ್ಪಾಗಿರುತ್ತದೆ. ಮುಂದೆ ಸಜ್ಜದೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಗಾರೆ ಚಕ್ಕೆ ಚಕ್ಕೆಯಾಗಿ ಬೀಳುತ್ತದೆ.