ಕಣ್ಣಿನ ವೈದ್ಯರ ವಿದ್ಯಾರ್ಹತೆ, ತರಬೇತಿ ಮತ್ತು ಪರಿಣತಿ ವಿಭಾಗಗಳು – ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಕಣ್ಣು ಮಂಜಾದ ಕೂಡಲೇ ನೇರವಾಗಿ ಕನ್ನಡಕದ ಅಂಗಡಿಗೆ ಹೋಗುವುದು ಅನೇಕರಲ್ಲಿ ರೂಢಿಯಾಗಿದೆ. ಅಲ್ಲಿ ಕನ್ನಡಕದ ನಂಬರು ತಿಳಿಯುತ್ತದೆಯೇ ಹೊರತು ದೃಷ್ಟಿ ಕುಂದಲು ಕಾರಣವಾದ ರೋಗವು ತಿಳಿಯುವುದಿಲ್ಲ. ಕಣ್ಣಿನ ಪೊರೆಯಿಂದ ಕುಂದಿದ ದೃಷ್ಟಿಯನ್ನು ಶಸ್ತ್ರಚಿಕಿತ್ಸೆಯಿಂದ ಬಹುತೇಕ ಮರಳಿ ಪಡೆಯಬಹುದು. ಆದರೆ ಗ್ಲಾಕೋಮಾ ರೋಗದಿಂದ ನಷ್ಟವಾದ ದೃಷ್ಟಿಯನ್ನು ಯಾವ ಔಷಧಿಯೂ ಯಾವ ಶಸ್ತ್ರಚಿಕಿತ್ಸೆಯೂ ಮರಳಿಸಲಾರದು. ಆದುದರಿಂದ ಯಾವ ತೊಂದರೆಗೆ ಯಾರ ಬಳಿ, ಎಷ್ಟು ಬೇಗ ಹೋಗಬೇಕೆಂಬುದನ್ನು ತಿಳಿದಿರುವುದು ದೃಷ್ಟಿಯ ರಕ್ಷಣೆಗೆ ಅತ್ಯವಶ್ಯಕವಾಗಿದೆ. ಕಣ್ಣಿನ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸುವವರ ತರಬೇತಿ, ಅವರ ಪರಿಣತಿ, ನೋಂದಣಿಯನ್ನು ಪರಿಶೀಲಿಸುವ ಬಗೆ ಹಾಗೂ ದೃಷ್ಟಿಗೆ ಸಂಬಂಧಿಸಿದ ಪ್ರಮಾಣಪತ್ರಗಳ ಬಗ್ಗೆ ಈ ಪುಟದಲ್ಲಿ ಮಾಹಿತಿ ನೀಡಲಾಗಿದೆ.

2. ಕಣ್ಣಿನ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸುವವರು

(ಅ) ನೇತ್ರ ತಜ್ಞರು: ಎಂ.ಬಿ.ಬಿ.ಎಸ್. ಪದವಿಯ ನಂತರ ನೇತ್ರಶಾಸ್ತ್ರದಲ್ಲಿ ಸ್ನಾತಕೋತ್ತರ ಶಿಕ್ಷಣ ಪಡೆದ ವೈದ್ಯರು. ರೋಗ ನಿರ್ಣಯ, ಔಷಧಿ, ಲೇಸರ್ ಚಿಕಿತ್ಸೆ ಹಾಗೂ ಶಸ್ತ್ರಚಿಕಿತ್ಸೆ ಇವರ ಕಾರ್ಯವ್ಯಾಪ್ತಿಗೆ ಸೇರಿವೆ.

(ಆ) ಆಪ್ಟೋಮೆಟ್ರಿಸ್ಟರು: ದೃಷ್ಟಿ ಪರೀಕ್ಷೆಯಲ್ಲಿ ಪದವಿ ಪಡೆದವರು. ತರಬೇತಿಯ ಅವಧಿಯೂ ಸೇರಿ ಈ ಪದವಿಗೆ ಕನಿಷ್ಠ ನಾಲ್ಕು ವರ್ಷಗಳು ಬೇಕಾಗುತ್ತವೆ. ಕನ್ನಡಕದ ನಂಬರು ನಿರ್ಧರಿಸುವುದು, ಕಾಂಟ್ಯಾಕ್ಟ್ ಲೆನ್ಸ್ ಹೊಂದಿಸುವುದು, ರೋಗದ ಚಿಹ್ನೆಗಳನ್ನು ಗುರುತಿಸಿ ತಜ್ಞರ ಬಳಿಗೆ ಕಳುಹಿಸುವುದು ಇವರ ಕೆಲಸ. ಇವರು ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಪರರ ಆಯೋಗ ಅಧಿನಿಯಮದ ವ್ಯಾಪ್ತಿಗೆ ಈ ವೃತ್ತಿಯನ್ನು ತರಲಾಗಿದೆ.

(ಇ) ನೇತ್ರಾಧಿಕಾರಿಗಳು ಮತ್ತು ನೇತ್ರ ಸಹಾಯಕರು: ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಾಥಮಿಕ ತಪಾಸಣೆ, ಶಾಲಾ ಮಕ್ಕಳ ದೃಷ್ಟಿ ಪರೀಕ್ಷೆ ಹಾಗೂ ಪೊರೆಯುಳ್ಳ ರೋಗಿಗಳನ್ನು ಗುರುತಿಸಿ ಶಸ್ತ್ರಚಿಕಿತ್ಸೆಗೆ ಕಳುಹಿಸುವ ಕಾರ್ಯವನ್ನು ನಿರ್ವಹಿಸುತ್ತಾರೆ. ಗ್ರಾಮೀಣ ಪ್ರದೇಶದ ರೋಗಿಗಳಿಗೆ ಬಹುಮಟ್ಟಿಗೆ ಮೊದಲು ದೊರೆಯುವವರು ಇವರೇ.

(ಈ) ಕನ್ನಡಕ ತಯಾರಕರು: ಬರೆದುಕೊಟ್ಟ ನಂಬರಿನಂತೆ ಗಾಜನ್ನು ಕತ್ತರಿಸಿ ಚೌಕಟ್ಟಿಗೆ ಅಳವಡಿಸುವವರು. ರೋಗ ನಿರ್ಣಯವು ಇವರ ಕಾರ್ಯವಲ್ಲ.

ಆಯುರ್ವೇದ ಪದ್ಧತಿಯಲ್ಲಿ ಕಣ್ಣು, ಕಿವಿ, ಮೂಗು ಹಾಗೂ ಗಂಟಲಿನ ರೋಗಗಳ ಅಧ್ಯಯನವನ್ನು ಶಾಲಾಕ್ಯ ತಂತ್ರವೆಂದು ಕರೆಯಲಾಗುತ್ತದೆ. ಇದರಲ್ಲಿನ ಸ್ನಾತಕೋತ್ತರ ಪದವಿಯು ಎಂ.ಎಸ್. (ಆಯುರ್ವೇದ) ಆಗಿದ್ದು, ಎಂ.ಎಸ್. (ನೇತ್ರಶಾಸ್ತ್ರ) ಪದವಿಗಿಂತ ಬೇರೆಯಾದುದು. ಫಲಕದಲ್ಲಿ 'ಎಂ.ಎಸ್.' ಎಂದಷ್ಟೇ ಇದ್ದಲ್ಲಿ ಯಾವ ಪದ್ಧತಿಯ ಪದವಿಯೆಂದು ಕೇಳಿ ತಿಳಿಯಬಹುದು.

3. ನೇತ್ರ ತಜ್ಞರ ಶಿಕ್ಷಣ ಮತ್ತು ತರಬೇತಿ

ಎಂ.ಬಿ.ಬಿ.ಎಸ್. ವ್ಯಾಸಂಗವು ನಾಲ್ಕೂವರೆ ವರ್ಷಗಳದ್ದಾಗಿದ್ದು, ನಂತರ ಒಂದು ವರ್ಷದ ಕಡ್ಡಾಯ ವೃತ್ತಿ ತರಬೇತಿ ಇರುತ್ತದೆ. ತದನಂತರ ಎಂ.ಎಸ್. ಅಥವಾ ಎಂ.ಡಿ. (ನೇತ್ರಶಾಸ್ತ್ರ) ಇಲ್ಲವೇ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿ.ಎನ್.ಬಿ. ಪದವಿಗೆ ಮೂರು ವರ್ಷಗಳು ಬೇಕು. ಹೀಗೆ ಒಬ್ಬ ನೇತ್ರ ತಜ್ಞರು ಸಿದ್ಧರಾಗಲು ಕನಿಷ್ಠ ಎಂಟೂವರೆ ವರ್ಷಗಳು ಹಿಡಿಯುತ್ತವೆ. ಹಿಂದೆ ವೈದ್ಯಕೀಯ ಕಾಲೇಜುಗಳು ಎರಡು ವರ್ಷಗಳ ಡಿ.ಓ. ಅಥವಾ ಡಿ.ಓ.ಎಂ.ಎಸ್. ಡಿಪ್ಲೊಮಾ ನೀಡುತ್ತಿದ್ದವು, ಆ ಡಿಪ್ಲೊಮಾ ಪಡೆದ ಅನುಭವಿ ವೈದ್ಯರು ಅನೇಕರಿದ್ದಾರೆ. 2020ರಲ್ಲಿ ರಾಷ್ಟ್ರೀಯ ಪರೀಕ್ಷಾ ಮಂಡಳಿಯು ನೇತ್ರಶಾಸ್ತ್ರದಲ್ಲಿ ಎರಡು ವರ್ಷಗಳ ಡಿಪ್ಲೊಮಾವನ್ನು ಆರಂಭಿಸಿತು.

ಸ್ನಾತಕೋತ್ತರ ವಿದ್ಯಾರ್ಥಿಯು ಮೊದಲು ಹೊರರೋಗಿ ವಿಭಾಗದಲ್ಲಿ ದೃಷ್ಟಿ ಅಳೆಯುವುದು, ಸ್ಲಿಟ್ ಲ್ಯಾಂಪ್ ಯಂತ್ರದಿಂದ ಕಣ್ಣಿನ ಮುಂಭಾಗವನ್ನು ನೋಡುವುದು, ಕಣ್ಣಿನ ಒತ್ತಡ ಅಳೆಯುವುದು ಹಾಗೂ ಪಾಪೆಯನ್ನು ಹಿಗ್ಗಿಸಿ ಹಿಂಭಾಗವನ್ನು ಪರೀಕ್ಷಿಸುವುದನ್ನು ಕಲಿಯುತ್ತಾರೆ. ಶಸ್ತ್ರಚಿಕಿತ್ಸೆಯನ್ನು ಹಿರಿಯ ವೈದ್ಯರ ಮೇಲ್ವಿಚಾರಣೆಯಲ್ಲಿ ಹಂತ ಹಂತವಾಗಿ ಕಲಿಸಲಾಗುತ್ತದೆ. ಇಂತಹ ಬೋಧನಾ ಆಸ್ಪತ್ರೆಗಳಲ್ಲಿ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯು ಹಳೆಯದು. 1896ರಲ್ಲಿ ಸ್ಥಾಪನೆಗೊಂಡು 1913ರಲ್ಲಿ ಈಗಿನ ಕಟ್ಟಡಕ್ಕೆ ಬಂದ ಈ ಆಸ್ಪತ್ರೆಯು ಬೆಂಗಳೂರು ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆಗೆ ಸೇರಿದೆ.

ಸ್ನಾತಕೋತ್ತರ ಪದವಿಯ ನಂತರ ಯಾವುದಾದರೊಂದು ವಿಭಾಗದಲ್ಲಿ ಪಡೆಯುವ ವಿಶೇಷ ತರಬೇತಿಯನ್ನು ಫೆಲೋಶಿಪ್ ಎನ್ನಲಾಗುತ್ತದೆ. ವೃತ್ತಿ ಸಂಘಗಳ ಸದಸ್ಯತ್ವವು ಪದವಿಯಲ್ಲ. ಹೆಸರಿನ ಮುಂದೆ ಅಕ್ಷರಗಳು ಹೆಚ್ಚಿದ್ದ ಮಾತ್ರಕ್ಕೆ ತರಬೇತಿ ಹೆಚ್ಚೆಂದು ಭಾವಿಸಬೇಕಾಗಿಲ್ಲ.

4. ಪರಿಣತಿ ವಿಭಾಗಗಳು

4.1 ಕಣ್ಣಿನ ಪೊರೆ: ಕಣ್ಣಿನೊಳಗಿನ ಸಹಜ ಮಸೂರವು ಮಬ್ಬಾಗುವುದೇ ಪೊರೆ. ಮಬ್ಬಾದ ಮಸೂರವನ್ನು ತೆಗೆದು ಕೃತಕ ಮಸೂರವನ್ನು ಅಳವಡಿಸುವುದೊಂದೇ ಇದಕ್ಕೆ ಚಿಕಿತ್ಸೆ; ಹನಿ ಔಷಧಿಯಿಂದ ಪೊರೆ ಕರಗುವುದಿಲ್ಲ. ಎಲ್ಲ ನೇತ್ರ ತಜ್ಞರೂ ಈ ಶಸ್ತ್ರಚಿಕಿತ್ಸೆಯಲ್ಲಿ ತರಬೇತಿ ಹೊಂದಿರುತ್ತಾರೆ. ಮೂಲತಃ ಬೀಳಗಿಯವರಾದ ಡಾ. ಎಂ.ಸಿ. ಮೋದಿಯವರು (ನಿಧನ: 2005) ಊರೂರಿಗೆ ತೆರಳಿ ಶಿಬಿರಗಳಲ್ಲಿ ಸಾಮೂಹಿಕವಾಗಿ ಪೊರೆ ಶಸ್ತ್ರಚಿಕಿತ್ಸೆ ನಡೆಸಿ, 1968ರಲ್ಲಿ ಪದ್ಮಭೂಷಣ ಪುರಸ್ಕೃತರಾದರು. ಸೋಂಕಿನ ಅಪಾಯವನ್ನು ತಪ್ಪಿಸುವ ಸಲುವಾಗಿ ಇಂದು ಶಿಬಿರಗಳಲ್ಲಿ ತಪಾಸಣೆ ಮಾತ್ರ ನಡೆಸಿ, ಶಸ್ತ್ರಚಿಕಿತ್ಸೆಯನ್ನು ಸುಸಜ್ಜಿತ ಆಸ್ಪತ್ರೆಯಲ್ಲೇ ನಡೆಸುವ ಕ್ರಮವಿದೆ.

4.2 ಗ್ಲಾಕೋಮಾ: ಕಣ್ಣಿನಿಂದ ಮಿದುಳಿಗೆ ಹೋಗುವ ನರವು ಹಾನಿಗೊಳ್ಳುವ ರೋಗ. ಬಹುತೇಕ ರೋಗಿಗಳಲ್ಲಿ ನೋವಾಗಲಿ ಕೆಂಪಾಗಲಿ ಇರುವುದಿಲ್ಲ. ಮೊದಲು ಅಂಚಿನ ದೃಷ್ಟಿ ಹೋಗುವುದರಿಂದ ರೋಗಿಗೆ ನಷ್ಟದ ಅರಿವಾಗುವುದು ತಡವಾಗಿ. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಈ ರೋಗವಿದ್ದಲ್ಲಿ ಅಪಾಯ ಹೆಚ್ಚು. ನಲವತ್ತು ವರ್ಷ ದಾಟಿದವರು ಚಾಳೀಸಿನ ಕನ್ನಡಕ ಮಾಡಿಸುವಾಗ, ನಂಬರಿನ ಜೊತೆಗೆ ಕಣ್ಣಿನ ಒತ್ತಡ ಮತ್ತು ನರದ ಪರೀಕ್ಷೆಯನ್ನೂ ಮಾಡಿಸಿಕೊಳ್ಳುವುದು ಸೂಕ್ತ.

4.3 ಅಕ್ಷಿಪಟಲ: ಕಣ್ಣಿನ ಹಿಂಭಾಗದ ಬೆಳಕುಗ್ರಾಹಿ ಪದರದ ರೋಗಗಳನ್ನು ಈ ವಿಭಾಗದ ತಜ್ಞರು ನೋಡುತ್ತಾರೆ. ಮಧುಮೇಹದಿಂದ ಈ ಪದರದ ರಕ್ತನಾಳಗಳು ಹಾಳಾಗುತ್ತವೆ. ಆರಂಭದಲ್ಲಿ ದೃಷ್ಟಿ ಚೆನ್ನಾಗಿಯೇ ಇರಬಹುದು. ಸಾಮಾನ್ಯವಾಗಿ ವಯಸ್ಕರಲ್ಲಿ ಕಾಣಿಸಿಕೊಳ್ಳುವ ಎರಡನೇ ವಿಧದ ಮಧುಮೇಹಿಗಳು ರೋಗ ಪತ್ತೆಯಾದಾಗಲೇ ಒಮ್ಮೆ ಹಾಗೂ ಬಳಿಕ ಪ್ರತಿ ವರ್ಷ ಅಕ್ಷಿಪಟಲದ ಪರೀಕ್ಷೆ ಮಾಡಿಸಿಕೊಳ್ಳಬೇಕು.

4.4 ಕಾರ್ನಿಯಾ: ಕಣ್ಣಿನ ಮುಂಭಾಗದ ಪಾರದರ್ಶಕ ಪದರ. ಬತ್ತದ ಹೊಟ್ಟು, ಕಡ್ಡಿ, ಎಲೆಯ ಅಂಚು ತಾಗಿ ಆಗುವ ಹುಣ್ಣು ರೈತರಲ್ಲಿ ಈ ಪದರದ ಕುರುಡುತನಕ್ಕೆ ಮುಖ್ಯ ಕಾರಣಗಳಲ್ಲೊಂದು. ಇಂತಹ ಹುಣ್ಣಿಗೆ ಎಣ್ಣೆ, ಎದೆಹಾಲು, ಸೊಪ್ಪಿನ ರಸ ಹಾಕುವುದರಿಂದಲೂ, ವೈದ್ಯರ ಸಲಹೆಯಿಲ್ಲದೆ ಸ್ಟೀರಾಯ್ಡ್ ಹನಿ ಬಳಸುವುದರಿಂದಲೂ ಸೋಂಕು ಉಲ್ಬಣಿಸುತ್ತದೆ. ಕಲೆಗಟ್ಟಿದ ಕಾರ್ನಿಯಾವನ್ನು ದಾನಿಗಳ ಕಣ್ಣಿನಿಂದ ಬದಲಿಸಬಹುದು. ಮರಣದ ನಂತರ ಸಾಧ್ಯವಾದಷ್ಟು ಬೇಗ, ಸಾಮಾನ್ಯವಾಗಿ ಆರು ಗಂಟೆಗಳೊಳಗೆ, ನೇತ್ರವನ್ನು ಸಂಗ್ರಹಿಸಬೇಕಾಗುತ್ತದೆ. ನಟ ಡಾ. ರಾಜ್‌ಕುಮಾರ್ (2006) ಹಾಗೂ ಪುನೀತ್ ರಾಜ್‌ಕುಮಾರ್ (2021) ಇವರ ನೇತ್ರದಾನವು ರಾಜ್ಯದ ಜನರಿಗೆ ತಿಳಿದಿರುವ ನಿದರ್ಶನಗಳು. ಪುನೀತ್ ಅವರ ಎರಡು ಕಣ್ಣುಗಳ ಕಾರ್ನಿಯಾ ಪದರಗಳನ್ನು ವಿಂಗಡಿಸಿ ನಾಲ್ವರಿಗೆ ಅಳವಡಿಸಲಾಯಿತು.

4.5 ಮಕ್ಕಳ ನೇತ್ರ ಚಿಕಿತ್ಸೆ ಮತ್ತು ಮೆಳ್ಳೆಗಣ್ಣು: ಮೆಳ್ಳೆಗಣ್ಣನ್ನು ಅದೃಷ್ಟದ ಚಿಹ್ನೆಯೆಂದು ಬಿಟ್ಟಲ್ಲಿ, ಆ ಕಣ್ಣು ನೋಡುವುದನ್ನೇ ಕಲಿಯದೆ 'ಸೋಮಾರಿ ಕಣ್ಣು' ಆಗಬಹುದು. ಏಳೆಂಟು ವರ್ಷದೊಳಗೆ ಚಿಕಿತ್ಸೆ ದೊರೆತಲ್ಲಿ ಉತ್ತಮ ಫಲ ಸಿಗುತ್ತದೆ. ಅವಧಿಗೆ ಮುನ್ನ ಜನಿಸಿದ ಶಿಶುಗಳ ಅಕ್ಷಿಪಟಲದ ರೋಗವೂ ಈ ವಿಭಾಗಕ್ಕೆ ಹಾಗೂ ಅಕ್ಷಿಪಟಲ ವಿಭಾಗಕ್ಕೆ ಸೇರಿದೆ. 34 ವಾರಗಳಿಗೆ ಮುನ್ನ ಹುಟ್ಟಿದ ಅಥವಾ 2 ಕಿಲೋಗ್ರಾಂಗಿಂತ ಕಡಿಮೆ ತೂಕದ ಶಿಶುಗಳನ್ನು ಹುಟ್ಟಿದ 30 ದಿನಗಳೊಳಗೆ ಪರೀಕ್ಷಿಸಬೇಕು. ಅತಿ ಕಡಿಮೆ ತೂಕದ ಶಿಶುಗಳನ್ನು ಇನ್ನೂ ಬೇಗ, ಎರಡು ಮೂರು ವಾರಗಳಲ್ಲಿ ಪರೀಕ್ಷಿಸಬೇಕು. ಈ ತಜ್ಞರು ಎಲ್ಲ ಊರುಗಳಲ್ಲಿ ಇಲ್ಲದ ಕಾರಣ, 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯವು ಆರಂಭಿಸಿದ ಕಿಡ್‌ರಾಪ್ ಕಾರ್ಯಕ್ರಮದಲ್ಲಿ, ತರಬೇತಿ ಪಡೆದ ತಂತ್ರಜ್ಞರು ನವಜಾತ ಶಿಶು ಘಟಕಗಳಿಗೆ ತೆರಳಿ ತೆಗೆದ ಚಿತ್ರಗಳನ್ನು ದೂರದಲ್ಲಿರುವ ತಜ್ಞರು ಪರಿಶೀಲಿಸುವ ವ್ಯವಸ್ಥೆಯನ್ನು ರೂಪಿಸಲಾಯಿತು.

4.6 ಇತರ ವಿಭಾಗಗಳು: ರೆಪ್ಪೆ, ಕಣ್ಣೀರಿನ ನಾಳ ಹಾಗೂ ಕಣ್ಣಿನ ಗೂಡಿನ ತೊಂದರೆಗಳಿಗೆ ಆಕ್ಯುಲೋಪ್ಲಾಸ್ಟಿ, ಕಣ್ಣಿನ ಒಳಭಾಗದ ಉರಿಯೂತಕ್ಕೆ ಯುವಿಯೈಟಿಸ್, ನರ ಮತ್ತು ಮಿದುಳಿಗೆ ಸಂಬಂಧಿಸಿದ ದೃಷ್ಟಿದೋಷಕ್ಕೆ ನರ ನೇತ್ರಶಾಸ್ತ್ರ ವಿಭಾಗಗಳಿವೆ.

ಚಿಕ್ಕ ಊರಿನ ಆಸ್ಪತ್ರೆಗಳಲ್ಲಿ ಈ ಎಲ್ಲ ವಿಭಾಗಗಳು ಇರುವುದಿಲ್ಲ. ಅಂತಹ ಕಡೆ ಸಾಮಾನ್ಯ ನೇತ್ರ ತಜ್ಞರನ್ನು ಮೊದಲು ಕಂಡು, ಅವರ ಶಿಫಾರಸು ಪತ್ರದೊಂದಿಗೆ ಮುಂದಿನ ಆಸ್ಪತ್ರೆಗೆ ಹೋಗುವುದರಿಂದ ಸಮಯ ಮತ್ತು ವೆಚ್ಚ ಉಳಿಯುತ್ತವೆ.

5. ತಡ ಮಾಡಬಾರದ ಸಂದರ್ಭಗಳು

ಕೆಳಕಂಡ ಸಂದರ್ಭಗಳಲ್ಲಿ ಕನ್ನಡಕದ ಅಂಗಡಿಗಾಗಲಿ ಔಷಧಿ ಅಂಗಡಿಗಾಗಲಿ ಹೋಗದೆ ಕೂಡಲೇ ನೇತ್ರ ತಜ್ಞರನ್ನು ಕಾಣತಕ್ಕದ್ದು:

– ಸುಣ್ಣ, ಆಮ್ಲ, ಕೀಟನಾಶಕ ಮುಂತಾದವು ಕಣ್ಣಿಗೆ ಬಿದ್ದಾಗ. ಮೊದಲು ಶುದ್ಧ ನೀರಿನಿಂದ ಕನಿಷ್ಠ 15ರಿಂದ 30 ನಿಮಿಷ ತೊಳೆದು, ನಂತರ ಆಸ್ಪತ್ರೆಗೆ ಹೊರಡಬೇಕು.
– ಒಂದು ಅಥವಾ ಎರಡೂ ಕಣ್ಣಿನ ದೃಷ್ಟಿ ದಿಢೀರನೆ ಕುಂದಿದಾಗ.
– ಕಣ್ಣಿನ ಮುಂದೆ ಮಿಂಚು, ಹೊಸದಾಗಿ ಕಪ್ಪು ಚುಕ್ಕೆಗಳ ಸುರಿಮಳೆ ಅಥವಾ ತೆರೆ ಎಳೆದಂತೆ ಕಂಡಾಗ.
– ತೀವ್ರ ಕಣ್ಣುನೋವು, ತಲೆನೋವು, ವಾಂತಿಯೊಂದಿಗೆ ದೀಪಗಳ ಸುತ್ತ ಬಣ್ಣದ ಬಳೆ ಕಂಡಾಗ.
– ಮಗುವಿನ ಪಾಪೆಯಲ್ಲಿ ಬಿಳಿಯ ಹೊಳಪು ಕಂಡಾಗ. ಇದು ಕಣ್ಣಿನ ಕ್ಯಾನ್ಸರ್‌ನ ಲಕ್ಷಣವೂ ಆಗಿರಬಹುದು.
– ಚೂಪಾದ ವಸ್ತುವಿನಿಂದ ಕಣ್ಣಿಗೆ ಗಾಯವಾದಾಗ. ಕಣ್ಣನ್ನು ಉಜ್ಜಬಾರದು, ಒತ್ತಬಾರದು.

ತುರ್ತು ಸಂದರ್ಭದಲ್ಲಿ 108 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸ್ ಸೇವೆ ಪಡೆಯಬಹುದು.

6. ವೈದ್ಯರ ಹಾಗೂ ಆಸ್ಪತ್ರೆಯ ನೋಂದಣಿಯ ಪರಿಶೀಲನೆ

ರಾಜ್ಯದಲ್ಲಿ ಆಧುನಿಕ ವೈದ್ಯ ಪದ್ಧತಿಯಲ್ಲಿ ವೃತ್ತಿ ನಿರ್ವಹಿಸುವ ವೈದ್ಯರು ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಗೆ ಒಳಪಟ್ಟಿರುತ್ತಾರೆ. 2002ರ ವೃತ್ತಿ ನಡತೆ ನಿಯಮಾವಳಿಯಂತೆ ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಚಿಕಿತ್ಸಾಲಯದಲ್ಲಿ ಪ್ರದರ್ಶಿಸಬೇಕು. ಔಷಧಿ ಚೀಟಿ, ಪ್ರಮಾಣಪತ್ರ ಹಾಗೂ ಹಣದ ರಸೀದಿಗಳಲ್ಲಿ ನಮೂದಿಸಬೇಕು. ಆಯುರ್ವೇದ ವೈದ್ಯರ ನೋಂದಣಿಯನ್ನು ಕರ್ನಾಟಕ ಆಯುರ್ವೇದ ಮತ್ತು ಯುನಾನಿ ವೈದ್ಯ ಮಂಡಳಿಯು ನಿರ್ವಹಿಸುತ್ತದೆ. ಖಾಸಗಿ ಆಸ್ಪತ್ರೆಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ನೋಂದಣಿ ಪಡೆದಿರತಕ್ಕದ್ದು. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ನೀಡುವ ಮುನ್ನ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರ ಹೆಸರು, ವಿದ್ಯಾರ್ಹತೆ, ಅಂದಾಜು ವೆಚ್ಚ ಹಾಗೂ ಅಪಾಯಗಳ ಬಗ್ಗೆ ಕೇಳಿ ತಿಳಿಯುವುದು ರೋಗಿಯ ಹಕ್ಕು.

7. ದೃಷ್ಟಿಗೆ ಸಂಬಂಧಿಸಿದ ಪ್ರಮಾಣಪತ್ರಗಳು

(ಅ) ಅಂಗವಿಕಲತೆ ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಕಾರ್ಡ್: ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬೇಕು. ನಂತರ ನಿಗದಿತ ಸರ್ಕಾರಿ ಆಸ್ಪತ್ರೆಯಲ್ಲಿ ನೇತ್ರ ತಜ್ಞರ ಪರೀಕ್ಷೆ ನಡೆಯುತ್ತದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಂತೆ, ಸೂಕ್ತ ಕನ್ನಡಕ ಧರಿಸಿದ ಬಳಿಕವೂ ಉತ್ತಮವಾಗಿರುವ ಕಣ್ಣಿನ ದೃಷ್ಟಿಯು 3/60ಕ್ಕಿಂತ ಕಡಿಮೆ ಇದ್ದಲ್ಲಿ ಅಥವಾ ದೃಷ್ಟಿ ಕ್ಷೇತ್ರವು 10 ಡಿಗ್ರಿಗಿಂತ ಕಡಿಮೆ ಇದ್ದಲ್ಲಿ ಅಂಧತ್ವವೆಂದು ಪರಿಗಣಿಸಲಾಗುತ್ತದೆ. 3/60 ಎಂದರೆ ಸಾಮಾನ್ಯ ದೃಷ್ಟಿಯವರು 60 ಮೀಟರ್ ದೂರದಿಂದ ಕಾಣುವ ಅಕ್ಷರವನ್ನು 3 ಮೀಟರ್ ಸಮೀಪದಿಂದ ಮಾತ್ರ ಕಾಣುವುದು. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆಯುಳ್ಳವರು ಮೀಸಲಾತಿ ಮುಂತಾದ ಸೌಲಭ್ಯಗಳಿಗೆ ಅರ್ಹರಾಗುತ್ತಾರೆ.

(ಆ) ಚಾಲನಾ ಪರವಾನಗಿ: ಸಾರಿಗೆ ವಾಹನಗಳ ಪರವಾನಗಿಗೆ ಹಾಗೂ 40 ವರ್ಷ ಮೀರಿದ ಅರ್ಜಿದಾರರಿಗೆ ನಮೂನೆ 1-ಎ ವೈದ್ಯಕೀಯ ಪ್ರಮಾಣಪತ್ರ ಅಗತ್ಯ. ಇದಕ್ಕೆ ನೋಂದಾಯಿತ ವೈದ್ಯರು ಸಹಿ ಮಾಡಬೇಕು. ಕನ್ನಡಕದ ಅಂಗಡಿಯ ಚೀಟಿಯು ಇದಕ್ಕೆ ಬದಲಾಗುವುದಿಲ್ಲ.

8. ಪರೀಕ್ಷೆಗೆ ಹೋಗುವಾಗ

ಹಳೆಯ ಕನ್ನಡಕ, ಹಿಂದಿನ ಔಷಧಿ ಚೀಟಿಗಳು, ಬಳಸುತ್ತಿರುವ ಎಲ್ಲ ಔಷಧಿಗಳ ವಿವರ, ರಕ್ತದೊತ್ತಡ ಹಾಗೂ ಸಕ್ಕರೆ ಪರೀಕ್ಷೆಯ ವರದಿ, ಗುರುತಿನ ಚೀಟಿ ಮತ್ತು ಪಡಿತರ ಚೀಟಿಯನ್ನು ಜೊತೆಯಲ್ಲಿ ಒಯ್ಯಬೇಕು. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆಗಳ ಕಾಲ ದೃಷ್ಟಿ ಮಸುಕಾಗಿರುವುದರಿಂದ ವಾಹನ ಚಲಾಯಿಸಬಾರದು; ಜೊತೆಗೊಬ್ಬರನ್ನು ಕರೆದೊಯ್ಯುವುದು ಒಳಿತು.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪೊರೆ ಪೂರ್ತಿ ಬಲಿಯುವವರೆಗೆ ಕಾಯಬೇಕೇ?
ಉತ್ತರ: ಇಲ್ಲ. ದೈನಂದಿನ ಕೆಲಸಗಳಿಗೆ ತೊಂದರೆಯಾಗುವಾಗ ಶಸ್ತ್ರಚಿಕಿತ್ಸೆ ಮಾಡಿಸಬಹುದು. ಅತಿಯಾಗಿ ಬಲಿತ ಪೊರೆಯಿಂದ ಕಣ್ಣಿನ ಒತ್ತಡ ಏರಿ ದೃಷ್ಟಿ ಶಾಶ್ವತವಾಗಿ ಹೋಗಬಹುದು.

ಪ್ರಶ್ನೆ: ಪೊರೆ ಶಸ್ತ್ರಚಿಕಿತ್ಸೆಗೆ ಸರ್ಕಾರದ ನೆರವು ಇದೆಯೇ?
ಉತ್ತರ: ಇದೆ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಶಸ್ತ್ರಚಿಕಿತ್ಸೆ ನಡೆಸಿ ಕೃತಕ ಮಸೂರ ಅಳವಡಿಸಲಾಗುತ್ತದೆ.

ಪ್ರಶ್ನೆ: ಒಂದೇ ಕಣ್ಣಿನ ದೃಷ್ಟಿ ಪೂರ್ಣ ಹೋಗಿದ್ದಲ್ಲಿ ಶೇ. 40ರ ಪ್ರಮಾಣಪತ್ರ ದೊರೆಯುವುದೇ?
ಉತ್ತರ: ಇನ್ನೊಂದು ಕಣ್ಣು ಸರಿಯಾಗಿದ್ದಲ್ಲಿ ನ್ಯೂನತೆಯನ್ನು ಸಾಮಾನ್ಯವಾಗಿ ಶೇ. 30 ಎಂದು ನಮೂದಿಸಲಾಗುತ್ತದೆ. ಆದ್ದರಿಂದ ಶೇ. 40ರ ಮಿತಿಯನ್ನು ತಲುಪುವುದಿಲ್ಲ.

ಪ್ರಶ್ನೆ: ಗ್ಲಾಕೋಮಾ ಔಷಧಿಯಿಂದ ದೃಷ್ಟಿ ಸುಧಾರಿಸದಿದ್ದಲ್ಲಿ ನಿಲ್ಲಿಸಬಹುದೇ?
ಉತ್ತರ: ನಿಲ್ಲಿಸಬಾರದು. ಈ ಔಷಧಿಯು ಹೋದ ದೃಷ್ಟಿಯನ್ನು ತರಲು ಅಲ್ಲ, ಉಳಿದಿರುವ ದೃಷ್ಟಿಯನ್ನು ಕಾಪಾಡಲು.

10. ಹೆಚ್ಚಿನ ಮಾಹಿತಿ

ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಸಾರ್ವಜನಿಕ ಆಸ್ಪತ್ರೆ ಅಥವಾ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು. ಈ ಪುಟದಲ್ಲಿನ ಮಾಹಿತಿಯು ತಿಳಿವಳಿಕೆಗಾಗಿ ಮಾತ್ರ. ವೈದ್ಯರ ಪರೀಕ್ಷೆಗೆ ಇದು ಪರ್ಯಾಯವಲ್ಲ.