ಮೋರೇರ ಬೆಟ್ಟದ ಕಲ್ಲುಮನೆಗಳು

ರಜೆಯಲ್ಲಿ ಊರಿಗೆ ಹೋದಾಗ ನಿಮ್ಮಲ್ಲಿ ಹಲವರು ಹಂಪಿ ನೋಡಿರುತ್ತೀರಿ. ಅಲ್ಲಿಂದ ಹೆಚ್ಚು ದೂರವಿಲ್ಲದ ಹಿರೇಬೆಣಕಲ್ ನೋಡಿದ್ದೀರಾ? ಕೊಪ್ಪಳ ಜಿಲ್ಲೆಯ ಗಂಗಾವತಿ ಹತ್ತಿರದ ಈ ಊರಿನ ಬೆಟ್ಟದ ಮೇಲೆ ಸುಮಾರು 400 ಶಿಲಾಸಮಾಧಿಗಳಿವೆ. ವಿಜಯನಗರ ಹುಟ್ಟುವುದಕ್ಕೆ 1,500 ವರ್ಷಗಳಿಗೂ ಮೊದಲೇ ಕಬ್ಬಿಣ ಯುಗದ ಜನ ಇವನ್ನು ಕಟ್ಟಿದರು.

ಸುತ್ತಲೂ ಕಲ್ಲಿನ ಚಪ್ಪಡಿ ನಿಲ್ಲಿಸಿ, ಮೇಲೆ ಇನ್ನೊಂದು ದೊಡ್ಡ ಚಪ್ಪಡಿ ಹೊದಿಸಿದ್ದಾರೆ. ಕೆಲವು ಆಳೆತ್ತರಕ್ಕಿಂತ ಎತ್ತರವಾಗಿವೆ. ಕೆಲವದರ ಗೋಡೆಯಲ್ಲಿ ದುಂಡನೆಯ ಕಿಂಡಿಯಿದೆ. ನೋಡಲು ಪುಟ್ಟ ಮನೆಗಳಂತೆ ಇರುವುದರಿಂದ ಊರಿನವರು ಇವನ್ನು ‘ಮೋರೇರ ಮನೆ’ ಎನ್ನುತ್ತಾರೆ. ಮೋರೇರು ಎಂಬ ಕುಳ್ಳ ಜನ ಇಲ್ಲಿದ್ದರಂತೆ! ಅಲ್ಲೇ ಒಂದು ಬಂಡೆಯ ಮೇಲೆ ಎರಡು ಮೀಟರಿಗಿಂತ ಅಗಲದ ಕಲ್ಲಿನ ನಗಾರಿಯೂ ಇದೆ. ಬಡಿದರೆ ಸದ್ದು ಬಹುದೂರ ಕೇಳಿಸುತ್ತದೆ.

ಕ್ರೇನ್ ಇಲ್ಲದೆ ಇಷ್ಟು ಭಾರದ ಕಲ್ಲುಗಳನ್ನು ಹೇಗೆ ಎತ್ತಿದರು? ಅವರು ಏನನ್ನೂ ಬರೆದಿಟ್ಟಿಲ್ಲ. ಆದರೆ ಇಂದಿಗೂ ಸತ್ತವರಿಗಾಗಿ ದೊಡ್ಡ ಕಲ್ಲು ಇಡುವ ಜನರಿದ್ದಾರೆ. ಇಂಡೋನೇಷ್ಯಾದ ಸುಂಬಾ ದ್ವೀಪದಲ್ಲಿ ಸಮಾಧಿಯ ಕಲ್ಲನ್ನು ಮರದ ದಿಮ್ಮಿಗಳ ಮೇಲಿಟ್ಟು, ಹಗ್ಗ ಕಟ್ಟಿ, ನೂರಾರು ಜನ ಹಾಡುತ್ತಾ ಎಳೆಯುವ ಪದ್ಧತಿಯಿದೆ. ಬಂದವರಿಗೆಲ್ಲ ಆ ಮನೆಯವರೇ ಊಟ ಹಾಕಬೇಕು. ಹಿರೇಬೆಣಕಲ್‌ನಲ್ಲೂ ಹೀಗೆಯೇ ನಡೆಯಿತು ಎಂದು ಹೇಳಲಾಗದು. ಆದರೆ ಒಂದು ವಿಷಯ ಅರ್ಥವಾಗುತ್ತದೆ: ಇಂಥ ಕೆಲಸಕ್ಕೆ ತೋಳ್ಬಲ ಮಾತ್ರ ಸಾಲದು. ಕರೆದಾಗ ಬರುವ ನೆಂಟರು, ನೆರೆಯವರು, ಎಲ್ಲರಿಗೂ ಸಾಲುವಷ್ಟು ಧಾನ್ಯ ಕೂಡ ಬೇಕು.

ಜಾರ್ಖಂಡದ ಮುಂಡಾ ಜನರು ಚೋಕಾಹಾತು ಎಂಬ ಊರಿನಲ್ಲಿ ಈಗಲೂ ತಮ್ಮವರ ಅಸ್ಥಿಯನ್ನು ಕುಲದ ಕಲ್ಲಿನ ಕೆಳಗೆ ಇಡುತ್ತಾರೆ. ಅಲ್ಲಿ ಅಂಥ ಸಾವಿರಾರು ಕಲ್ಲುಗಳಿವೆ. ಅದು ನಮ್ಮ ಅಜ್ಜ ಅಜ್ಜಿಯರ ಜಾಗ ಎಂದು ಅವರಿಗೆ ಗೊತ್ತು. ಹಾಗಾಗಿ ಕಾಯುವವರಿದ್ದಾರೆ.

ಹಿರೇಬೆಣಕಲ್‌ನ ಕಲ್ಲುಗಳನ್ನು ನಮ್ಮ ಕುಲದ್ದು ಎನ್ನುವವರು ಇಂದು ಯಾರೂ ಇಲ್ಲ. ನಿಧಿ ಸಿಗುತ್ತದೆಂಬ ಆಸೆಯಿಂದ ಎಷ್ಟೋ ಸಮಾಧಿಗಳನ್ನು ಅಗೆದು ಹಾಳುಮಾಡಿದ್ದಾರೆ. 2021ರಲ್ಲಿ ಈ ತಾಣ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಇದು ಒಳ್ಳೆಯ ಸುದ್ದಿಯೇ, ಆದರೆ ಪಟ್ಟಿಯೊಂದೇ ಕಲ್ಲನ್ನು ಕಾಯುವುದಿಲ್ಲ. ನೋಡಿ ಬಂದವರು, ಅದರ ಕಥೆ ಹೇಳುವವರು ಹೆಚ್ಚಾಗಬೇಕು.

ಮುಂದಿನ ಸಲ ಹಂಪಿಗೆ ಹೋಗುವಾಗ ಅಪ್ಪ ಅಮ್ಮನಿಗೆ ಹೇಳಿ ಒಂದು ದಿನ ಹೆಚ್ಚು ಇಟ್ಟುಕೊಳ್ಳಿ. ಬೆಟ್ಟವನ್ನು ನಡೆದೇ ಹತ್ತಬೇಕು. ನೀರು, ಟೋಪಿ ಮರೆಯಬೇಡಿ. ಕಲ್ಲುಗಳ ಮೇಲೆ ಮಾತ್ರ ಹತ್ತಬೇಡಿ. ಅವು ಯಾರದೋ ಅಜ್ಜ ಅಜ್ಜಿಯರ ಮನೆಗಳು.